ಡ್ರೋನ್ ಬಿತ್ತು, ಈಗ ಯಾರಿಗೆ, ಯಾವಾಗ, ಹೆಂಗೆ ತಿಳಿಸ್ಬೇಕು? ಪೂರ್ತಿ ಮಾರ್ಗದರ್ಶಿ

ರಾಣೆಬೆನ್ನೂರು ಕಡೆ ಒಂದು ಮೆಕ್ಕೆಜೋಳದ ಹೊಲದಲ್ಲಿ ಔಷಧಿ ಹೊಡೀತಿದ್ದೆ, 10 ಲೀಟರ್ ಟ್ಯಾಂಕಿನ ಡ್ರೋನು, ಸಾಲಿನ ತುದಿಗೆ ಹೋಗಿ ತಿರುಗೋವಾಗ ಕರೆಂಟ್ ಕಂಬದ ಸ್ಟೇ ವೈರಿಗೆ (ಕಂಬ ವಾಲದಂಗೆ ಎಳೆದು ಕಟ್ಟಿರೋ ತಂತಿ) ತಗಲಿ, ಮೋಟರ್ ಕೂತಿರೋ ತನ್ನ ಒಂದು ಕೈ ಮುರ್ಕೊಂಡು ಪಕ್ಕದ ಹೊಲಕ್ಕೆ ಬಿತ್ತು. ಯಾರಿಗೂ ಏನೂ ಆಗ್ಲಿಲ್ಲ, ಪುಣ್ಯ. ಪಕ್ಕದ ಹೊಲದ ಯಜಮಾನ್ರು ಬಂದು ನೋಡಿ, "ಏ ತಮ್ಮಾ, ಮಿಷಿನ್ ಹಾಳಾತಲ್ಲೋ, ಹೋಗ್ಲಿ ಬಿಡು, ಬೆಳೆದು ಒಂದು ಮೂರು ಸಾವಿರ ಕೊಡು ಸಾಕು" ಅಂದ್ರು. ಕೊಟ್ಟೆ, ಚಹಾ ಕುಡಿದ್ವಿ, ಮುಗೀತು ಅನ್ಕೊಂಡೆ. ಇಪ್ಪತ್ತು ದಿನ ಆದ್ಮೇಲೆ ಫೋನ್ ಬಂತು, ಅವತ್ತೇ ಬೋರಿನ ಸ್ಟಾರ್ಟರ್ ಸುಟ್ಟಿದೆ, ನಿಮ್ ಡ್ರೋನ್ ವೈರಿಗೆ ಬಡಿದಿದ್ದಕ್ಕೇ ಆಗಿದ್ದು, ನಲವತ್ತು ಸಾವಿರ ಕೊಡಿ ಅಂತ. ಇನ್ಶೂರೆನ್ಸ್ ಇದೆಯಲ್ಲ ಅಂತ ಕಂಪನಿಗೆ ಫೋನ್ ಹಾಕಿದ್ರೆ ಅವರ ಮೊದಲನೇ ಪ್ರಶ್ನೆ, ಡಿಜಿಸಿಎಗೆ (ವಿಮಾನ, ಡ್ರೋನ್ ಹಾರಾಟ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಇಲಾಖೆ) ರಿಪೋರ್ಟ್ ಹಾಕಿದ್ದೀರಾ? ಹಾಕಿರಲಿಲ್ಲ. ಫೋಟೋ? ಮುರಿದ ಡ್ರೋನಿಂದು ಒಂದೇ ಒಂದು, ಅದೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕಕ್ಕೆ ತೆಗ್ದಿದ್ದು.

ಆ ದುಡ್ಡು ನನ್ನ ಜೇಬಿಂದಾನೇ ಹೋಯ್ತು. ಆಮೇಲೆ ಕಲ್ತಿದ್ದೆಲ್ಲ ಇಲ್ಲಿ ಬರೀತಿದ್ದೀನಿ. ಮದುವೆ ವಿಡಿಯೋ ಮಾಡೋರು, ಸರ್ವೇ ಮಾಡೋರು, ಔಷಧಿ ಹೊಡೆಯೋರು, ಡ್ರೋನ್ ದೀದಿ ಯೋಜನೇಲಿ ಹೊಸದಾಗಿ ಕಲ್ತಿರೋ ಅಕ್ಕಂದ್ರು, ಎಲ್ಲರಿಗೂ ಬರೋ ಪ್ರಸಂಗ ಇದು. ಹೊಲದ ಯಜಮಾನ್ರ ಜೊತೆ ರಾಜಿ ಆಮೇಲೆ ಮಾಡ್ಕೊಳ್ಳಿ, ಮೊದಲು ಬರೆದಿಡಿ.

ಕಾನೂನು ಏನು ಹೇಳತ್ತೆ

ನಮ್ಮಲ್ಲಿ ಈಗ ನಡೀತಿರೋದು 2021ರ ಡ್ರೋನ್ ನಿಯಮಗಳು, ಆಗಸ್ಟ್ 25, 2021ಕ್ಕೆ ಬಂದಿದ್ದು. ಅದೇ ವರ್ಷ ಮಾರ್ಚಲ್ಲಿ ಒಂದು ದಪ್ಪ ನಿಯಮಾವಳಿ ಬಂದಿತ್ತು, ಅದನ್ನ ತೆಗೆದು ಇದನ್ನ ತಂದ್ರು. ಇದರಲ್ಲಿ ಅಪಘಾತದ ಬಗ್ಗೆ ಇರೋ ಮಾತು ಚಿಕ್ಕದು: ಅಪಘಾತ ಆದ 48 ಗಂಟೆ ಒಳಗೆ ಡ್ರೋನ್ ಹಾರಿಸ್ತಿದ್ದ ಪೈಲಟ್, ಡಿಜಿಟಲ್ ಸ್ಕೈ ಅನ್ನೋ ಸರ್ಕಾರಿ ಆನ್‌ಲೈನ್ ಪ್ಲಾಟ್‌ಫಾರ್ಮ್ ಮೂಲಕ ಡಿಜಿಸಿಎ ಮಹಾನಿರ್ದೇಶಕರಿಗೆ ತಿಳಿಸ್ಬೇಕು. ಅಷ್ಟೇ. ಆದ್ರೆ ಎರಡು ವಿಷಯ ಗಮನಿಸಿ. ಒಂದು, ಜವಾಬ್ದಾರಿ ಪೈಲಟ್‌ದು, ಡ್ರೋನ್ ಮಾಲೀಕಂದಲ್ಲ, ಹಂಗಾಗಿ ನೀವು ದಿನಗೂಲಿಗೆ ಬೇರೆಯವರ ಡ್ರೋನ್ ಹಾರಿಸೋರಾದ್ರೆ "ಓನರ್ ನೋಡ್ಕೊಳ್ತಾರೆ" ಅಂತ ಕೂರಂಗಿಲ್ಲ. ಎರಡು, 48 ಗಂಟೆ ಶುರುವಾಗೋದು ಡ್ರೋನ್ ಬಿದ್ದಾಗಿಂದ, ನೀವು ಮನೆಗೆ ಬಂದು ಸ್ನಾನ ಮಾಡಿ ಲಾಗ್ (ಡ್ರೋನ್ ತಾನೇ ಬರೆದಿಡೋ ಹಾರಾಟದ ದಾಖಲೆ) ತೆಗೆದು ನೋಡಿದಾಗಿಂದ ಅಲ್ಲ. ಶನಿವಾರ ಮಧ್ಯಾಹ್ನ ಬಿದ್ರೆ ಸೋಮವಾರ ಮಧ್ಯಾಹ್ನಕ್ಕೆ ಟೈಮ್ ಮುಗೀತು, ಮಧ್ಯೆ ಭಾನುವಾರ ರಜಾ ಅಂತೆಲ್ಲ ಲೆಕ್ಕ ಇಲ್ಲ.

ನಿಯಮ ಮುರಿದ್ರೆ 1 ಲಕ್ಷ ರೂಪಾಯಿವರೆಗೂ ದಂಡ ಹಾಕೋ ಅವಕಾಶ ಇದೆ. ಜೊತೆಗೆ 250 ಗ್ರಾಂ ದಾಟಿದ ಡ್ರೋನಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು, ಅದಕ್ಕೂ ನಷ್ಟ ಪರಿಹಾರಕ್ಕೂ 1988ರ ಮೋಟಾರು ವಾಹನ ಕಾಯ್ದೆಯ ರೀತಿನೇ ಅನ್ವಯ ಆಗತ್ತೆ. ಅಂದ್ರೆ ಡ್ರೋನು ಯಾರಿಗಾದ್ರೂ ಬಡಿದ್ರೆ ಬೈಕು ಗುದ್ದಿದಂಗೇ ಲೆಕ್ಕ, "ಆಟದ ಸಾಮಾನು ಸಾರ್" ಅಂದ್ರೆ ನಡೆಯಲ್ಲ.

ಯಾವುದನ್ನ ತಿಳಿಸ್ಬೇಕು, ಯಾವುದನ್ನ ಬಿಡಬಹುದು

ಎಲ್ಲರೂ ಕೇಳೋದು ಇದೇ. ಲ್ಯಾಂಡಿಂಗ್ ಮಾಡೋವಾಗ ಒಂದು ಪ್ರೊಪೆಲ್ಲರ್ ನೆಲಕ್ಕೆ ತಾಗಿ ತುದಿ ಕಿತ್ತೋಯ್ತು, ಅದನ್ನೂ ಹೇಳ್ಬೇಕಾ? ನಾನು ಇಟ್ಕೊಂಡಿರೋ ಲೆಕ್ಕ ಹಿಂಗೆ. ಮನುಷ್ಯರಿಗೆ ಗಾಯ ಆದ್ರೆ ಹೇಳ್ಬೇಕು, ಬ್ಯಾಂಡೇಜ್ ಸೈಜಿನದಾದ್ರೂ. ಬೇರೆಯವರ ದನ, ಬೆಳೆ, ಕಾರು, ಹೆಂಚು, ವೈರು ಯಾವುದಕ್ಕಾದ್ರೂ ಹಾನಿ ಆದ್ರೆ ಹೇಳ್ಬೇಕು. ಡ್ರೋನ್ ಕೈ ಬಿಟ್ಟು ಹೋಗಿ ಸಿಗ್ಲೇ ಇಲ್ಲ ಅಂದ್ರೆ ಹೇಳ್ಬೇಕು, ಯಾಕಂದ್ರೆ ಅದು ನಾಳೆ ಯಾರ ಮನೆ ಮೇಲೆ ಸಿಗತ್ತೋ ಗೊತ್ತಿಲ್ಲ, ಅದರ ಮೇಲೆ ಇರೋ ಯುಐಎನ್, ಅಂದ್ರೆ ಡ್ರೋನಿನ ನೋಂದಣಿ ನಂಬರ್, ನಿಮ್ಮ ಹೆಸರಲ್ಲಿದೆ. ಹಾರಾಟದಲ್ಲೇ ಮೋಟರ್ ನಿಂತು, ಬ್ಯಾಟರಿ ಕಟ್ಟಾಗಿ, ಕೈ ಮುರಿದು ಬಿದ್ರೆ, ಖಾಲಿ ಹೊಲದಲ್ಲಾದ್ರೂ ಸರಿ, ಹೇಳ್ಬೇಕು. ವಿಮಾನ ಅಥವಾ ಹೆಲಿಕಾಪ್ಟರ್ ಹತ್ರ ಹೋಗಿದ್ರಂತೂ ಮಾತೇ ಇಲ್ಲ. ನೆಲದ ಮೇಲೆ ನಿಂತಿರೋವಾಗ ನೀವೇ ಕಾಲಿಂದ ಎಡವಿ ಕ್ಯಾಮೆರಾ ಒಡ್ಕೊಂಡ್ರೆ ಅದು ನಿಮ್ಮ ಗ್ರಹಚಾರ, ಬಿಡಿ. ಅನುಮಾನ ಬಂದ್ರೆ ಹಾಕ್ಬಿಡೋದೇ ವಾಸಿ.

ಮಧ್ಯದಲ್ಲಿ ಒಂದು ಮಾತು. ಸೇನೆ ಡ್ರೋನುಗಳಿಗೆ ಈ ನಿಯಮ ಇಲ್ಲ. 2023ರ ಆಗಸ್ಟ್ 20ಕ್ಕೆ ಹಿರಿಯೂರು ತಾಲ್ಲೂಕು ವದ್ದಿಕೆರೆ ಹತ್ರ ಹೊಲದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ತಪಸ್ ಡ್ರೋನ್ ಬಿತ್ತಲ್ಲ, ಊರಿಗೂರೇ ಹೋಗಿ ಸುತ್ತ ನಿಂತಿತ್ತು. ಅಂಥದ್ದು ನಿಮ್ಮ ಹೊಲದಲ್ಲಿ ಬಿದ್ರೆ ನಿಮ್ಮ ಕೆಲಸ 112ಕ್ಕೆ ಫೋನ್ ಮಾಡಿ ದೂರ ನಿಲ್ಲೋದು ಅಷ್ಟೇ. ಮುಟ್ಟಬೇಡಿ, ತುಂಡು ಮನೆಗೆ ತರಬೇಡಿ.

ಮೊದಲ ಹತ್ತು ನಿಮಿಷ

ಮೊದಲು ಮನುಷ್ಯರು. ಪ್ರೊಪೆಲ್ಲರ್ ಗಾಯ ನೋಡಕ್ಕೆ ಸಣ್ಣದಾಗಿ ಕಾಣತ್ತೆ, ಒಳಗೆ ಆಳ ಇರತ್ತೆ. ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಡಾಕ್ಟರ್ ಚೀಟಿ ಜೋಪಾನ ಮಾಡಿ. ಕೀಟನಾಶಕ ಮೈ ಮೇಲೆ ಚೆಲ್ಲಿದ್ರೆ ಬಟ್ಟೆ ಬಿಚ್ಚಿ ನೀರಲ್ಲಿ ತೊಳೀರಿ, ಡಬ್ಬಿ ಮೇಲಿನ ಲೇಬಲ್ ಆಸ್ಪತ್ರೆಗೆ ತಗೊಂಡೋಗಿ, ಡಾಕ್ಟರಿಗೆ ಅದೇ ಬೇಕಾಗೋದು.

ಎರಡನೇದು ಕರೆಂಟು. ಡ್ರೋನ್ ವೈರ್ ಮೇಲೆ ನೇತಾಡ್ತಿದ್ರೆ ಬಿದಿರು ಗಳ ತಂದು ಕೆಡವಕ್ಕೆ ಹೋಗ್ಬೇಡಿ, ಹಸಿ ಬಿದಿರಲ್ಲಿ ಕರೆಂಟ್ ಹರಿಯತ್ತೆ, ಎಂಬತ್ತು ಸಾವಿರದ ಮಿಷಿನ್ನಿಗೆ ಪ್ರಾಣ ಕೊಡೋ ಲೆಕ್ಕ ಆಗತ್ತೆ. 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ತಗೊಳ್ಳಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡೋವರೆಗೂ ಜನಾನ ಹತ್ರ ಬಿಡಬೇಡಿ. ನನ್ನ ಕೇಸಲ್ಲಿ ಇದೊಂದು ಫೋನ್ ಮಾಡಿದ್ರೆ ಆ ಫೀಡರಲ್ಲಿ ಅವತ್ತು ಟ್ರಿಪ್ ಆಗಿತ್ತಾ ಇಲ್ವಾ ಅನ್ನೋದಕ್ಕೆ ದಾಖಲೆ ಸಿಕ್ತಿತ್ತು, ಸ್ಟಾರ್ಟರ್ ಜಗಳ ಅಲ್ಲೇ ಮುಗೀತಿತ್ತು.

ಮೂರನೇದು ಬ್ಯಾಟರಿ. ಬಿದ್ದ ಲಿಪೋ ಬ್ಯಾಟರಿ ಆಗ ತಣ್ಣಗಿದ್ದು ಅರ್ಧ ಗಂಟೆ ಬಿಟ್ಟು ಹೊತ್ಕೊಳ್ಳಬಹುದು. ಊದಿದ್ರೆ, ಬಿಸಿ ಇದ್ರೆ, ಹೊಗೆ ಬಂದ್ರೆ ಹತ್ರ ಹೋಗ್ಬೇಡಿ. ಮುಟ್ಟೋ ಸ್ಥಿತೀಲಿ ಇದ್ರೆ ಮಾತ್ರ ತೆಗೆದು ಒಣಹುಲ್ಲು, ಬಣವೆ, ಗಾಡಿ ಎಲ್ಲದರಿಂದ ದೂರ ಬರೀ ನೆಲದ ಮೇಲೋ ಮರಳ ಮೇಲೋ ಇಡಿ. ಕಾರಿನ ಡಿಕ್ಕೀಲಿ ಹಾಕ್ಕೊಂಡು ಮನೆಗೆ ಹೊರಡಬೇಡಿ.

ಡ್ರೋನ್ ಕಂಟ್ರೋಲ್ ತಪ್ಪಿ ಹಾರಿ ಹೋಗಿದ್ರೆ, ಅದೂ ಏರ್‌ಪೋರ್ಟ್ ದಿಕ್ಕಿಗೆ ಹೋಗಿದ್ರೆ, 48 ಗಂಟೆ ಅಂತ ಕಾಯೋ ಮಾತೇ ಇಲ್ಲ. ಆ ಕ್ಷಣವೇ 112, ಮತ್ತೆ ಹತ್ತಿರದ ಏರ್‌ಪೋರ್ಟಿಗೆ ಫೋನು. ಎಲ್ಲಿಂದ ಹೊರಡ್ತು, ಕೊನೆಗೆ ಎಷ್ಟು ಎತ್ತರ, ಯಾವ ದಿಕ್ಕು, ಬ್ಯಾಟರಿ ಎಷ್ಟು ನಿಮಿಷ ಉಳಿದಿತ್ತು, ಈ ನಾಲ್ಕು ಹೇಳಿದ್ರೆ ಸಾಕು. ಬೆಂಗಳೂರಲ್ಲಿ ಹಾರಿಸೋರು ನೆನಪಿಟ್ಕೊಳ್ಳಿ, ಕೆಂಪೇಗೌಡ ಏರ್‌ಪೋರ್ಟ್ ಒಂದೇ ಅಲ್ಲ, ಎಚ್‌ಎಎಲ್ ಇದೆ, ಯಲಹಂಕ ವಾಯುನೆಲೆ ಇದೆ, ಜಕ್ಕೂರು ಇದೆ.

ಸಾಕ್ಷಿ ಕೂಡಿಡೋದು, ಇಲ್ಲೇ ಎಲ್ಲರೂ ಎಡವೋದು

ಡ್ರೋನ್ ಬಿದ್ದ ತಕ್ಷಣ ಕೈ ತಾನಾಗೇ ಹೋಗೋದು ಅದನ್ನ ಎತ್ಕೊಳ್ಳಕ್ಕೆ. ತಡ್ಕೊಳ್ಳಿ. ಎತ್ತೋ ಮುಂಚೆ ಫೋಟೋ. ಮೊದಲು ದೂರದಿಂದ, ಹಿಂದೆ ಕಂಬನೋ ಮರನೋ ಮನೆನೋ ಕಾಣಂಗೆ, ಆಮೇಲೆ ಹತ್ತಿರದಿಂದ ನಾಲ್ಕೂ ಕಡೆಯಿಂದ, ಆಮೇಲೆ ಯುಐಎನ್ ಅಂಟಿಸಿರೋ ಜಾಗ, ಬ್ಯಾಟರಿ ಪ್ಲಗ್ಗು, ಮುರಿದ ಭಾಗ. ತುಂಡುಗಳು ಎಲ್ಲೆಲ್ಲಿ ಬಿದ್ವೋ ಅಲ್ಲಲ್ಲೇ ತೆಗೀರಿ, ಒಟ್ಟು ಮಾಡಿ ಗುಡ್ಡೆ ಹಾಕಿ ತೆಗೆದ್ರೆ ಅದು ಗುಜರಿ ಅಂಗಡಿ ಫೋಟೋ ಆಗತ್ತೆ. ಹಾನಿಯಾದ ವಸ್ತುವಿನ ಪಕ್ಕದಲ್ಲಿ ಹಾನಿ ಆಗದೇ ಇರೋದನ್ನೂ ತೆಗೀರಿ. ಇದು ಯಾರೂ ಮಾಡಲ್ಲ. ಎರಡು ಸಾಲು ಜೋಳ ಮುರಿದಿದೆ ಅಂದ್ರೆ ಉಳಿದ ಹೊಲ ಚೆನ್ನಾಗಿ ನಿಂತಿರೋ ಫೋಟೋ ಇರ್ಲಿ, ಎರಡು ಸಾಲು ಎರಡು ತಿಂಗಳಲ್ಲಿ ಎರಡು ಗುಂಟೆ ಆಗೋದು ನೋಡಿದ್ದೀನಿ.

ಇನ್ನು ಲಾಗ್. ಮುರಿದ ಡ್ರೋನಿಗೆ ಮತ್ತೆ ಬ್ಯಾಟರಿ ಹಾಕಿ "ಆನ್ ಆಗತ್ತಾ ನೋಡೋಣ" ಅನ್ಬೇಡಿ. ಆನ್ ಮಾಡಿದ್ರೆ ಹೊಸ ಲಾಗ್ ಶುರುವಾಗಬಹುದು, ಕಾರ್ಡಲ್ಲಿ ಜಾಗ ಇಲ್ಲದಿದ್ರೆ ಹಳೇದು ಅಳಿಸಿ ಹೋಗಬಹುದು, ಶಾರ್ಟ್ ಆಗಿದ್ರೆ ಇದ್ದಿದ್ದೂ ಸುಡಬಹುದು. ಆರ್ಡುಪೈಲಟ್ ಅನ್ನೋ ಸಾಫ್ಟ್‌ವೇರ್ ಮೇಲೆ ನಡೆಯೋ ಡ್ರೋನಾದ್ರೆ ಫ್ಲೈಟ್ ಕಂಟ್ರೋಲರ್ ಒಳಗಿನ ಮೆಮೊರಿ ಕಾರ್ಡ್ ತೆಗೆದು ಅದರಲ್ಲಿರೋ ಬಿನ್ ಫೈಲ್ ಕಾಪಿ ಮಾಡ್ಕೊಳ್ಳಿ, ಪಿಎಕ್ಸ್4 ಆದ್ರೆ ಯುಎಲ್‌ಜಿ ಫೈಲ್. ಡಿಜೆಐ ಆದ್ರೆ ಫೋನಲ್ಲೋ ರಿಮೋಟಲ್ಲೋ ಇರೋ ಆ್ಯಪ್ ಒಳಗೆ ಫ್ಲೈಟ್ ರೆಕಾರ್ಡ್ ಇರತ್ತೆ, ಆ್ಯಪ್ ಡಿಲೀಟ್ ಮಾಡ್ಬೇಡಿ, ಅಪ್‌ಡೇಟ್ ಕೂಡ ಆಮೇಲೆ ನೋಡ್ಕೊಳ್ಳಿ. ಎರಡು ಕಾಪಿ ಮಾಡಿ, ಒಂದನ್ನ ಮುಟ್ಟಲೇ ಬೇಡಿ.

ಲಾಗ್ ಓದೋವಾಗ ಎರಡು ತಪ್ಪು ಸಾಮಾನ್ಯ. ಒಂದು ಟೈಮು. ಜಿಪಿಎಸ್ ಟೈಮ್ ನಮ್ಮ ಟೈಮಿಗಿಂತ ಐದೂವರೆ ಗಂಟೆ ಹಿಂದೆ, ಲಾಗಲ್ಲಿ 4:10 ಅಂತಿದ್ರೆ ಇಲ್ಲಿ ಬೆಳಿಗ್ಗೆ 9:40. ರಿಪೋರ್ಟಲ್ಲಿ 4:10 ಅಂತ ಬರೆದು ಆಸ್ಪತ್ರೆ ಚೀಟೀಲಿ 10:15 ಇದ್ರೆ ಬೆಳಗಿನ ಜಾವ ಕತ್ತಲಲ್ಲಿ ಹಾರಿಸ್ತಿದ್ದೆ ಅಂತ ನೀವೇ ಬರ್ಕೊಟ್ಟಂಗೆ. ಇನ್ನೊಂದು ಎತ್ತರ. ಕೆಲವು ಜಾಗದಲ್ಲಿ ಹೊರಟ ನೆಲದಿಂದ ಎತ್ತರ ಇರತ್ತೆ, ಕೆಲವು ಜಾಗದಲ್ಲಿ ಸಮುದ್ರ ಮಟ್ಟದಿಂದ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಅಲ್ಲಿ 30 ಮೀಟರ್ ಮೇಲೆ ಹಾರಿಸಿದ್ರೂ ಒಂದು ಕಾಲಂನಲ್ಲಿ 630 ಕಾಣತ್ತೆ. ಅದನ್ನೇ ಎತ್ತಿ ಬರೆದ್ರೆ 120 ಮೀಟರ್ ಅಂದ್ರೆ 400 ಅಡಿ ಮಿತೀನ ಐದು ಪಟ್ಟು ಮೀರಿದೆ ಅಂತಾಯ್ತು. ಏರ್‌ಪೋರ್ಟ್ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗಿದ್ರೆ ಗ್ರೀನ್ ಜೋನ್ (ಮುಂಚೆ ಅನುಮತಿ ಬೇಡದ ಜಾಗ) ಮಿತಿ 200 ಅಡಿ ಮಾತ್ರ, ಅಲ್ಲಂತೂ ಈ ನಂಬರ್ ಇನ್ನೂ ಹುಷಾರಾಗಿ ಬರೀಬೇಕು.

ನೋಡಿದವರು ಯಾರಾದ್ರೂ ಇದ್ರೆ ಹೆಸರು, ಫೋನ್ ನಂಬರ್ ತಗೊಂಡು, ಅವರ ಮಾತಲ್ಲೇ ಏನಾಯ್ತು ಅಂತ ಒಂದು ನಿಮಿಷ ರೆಕಾರ್ಡ್ ಮಾಡ್ಕೊಳ್ಳಿ, ಕೇಳ್ಕೊಂಡೇ ಮಾಡಿ. ನೀವು ಹೇಳ್ಕೊಡಬೇಡಿ.

ಪೊಲೀಸ್ ಸ್ಟೇಷನ್

ಗಾಯ ಆಗಿದ್ರೆ, ಡ್ರೋನ್ ಕಳೆದು ಹೋಗಿದ್ರೆ, ಅಥವಾ ಆಸ್ತಿ ವಿಚಾರದಲ್ಲಿ ತಕರಾರು ವಾಸನೆ ಬಂದ್ರೆ ಹೋಗಿ. ಒಂದು ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಯುಐಎನ್, ಪೈಲಟ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಮೂರೂ ಜೆರಾಕ್ಸ್ ಜೊತೇಲಿರ್ಲಿ, ಯಾಕಂದ್ರೆ ಸ್ಟೇಷನ್ನಲ್ಲಿ ಮೊದಲು ಬರೋ ಮಾತು "ಪರ್ಮಿಷನ್ ಇದೆಯೇನ್ರೀ?" ಅಂತಾನೇ. ಅವರು ಮಹಜರು ಮಾಡ್ತೀವಿ ಅಂದ್ರೆ ಬಿದ್ದ ಜಾಗ ಹಂಗೇ ಇರ್ಬೇಕು, ಅದಕ್ಕೇ ಫೋಟೋ ಮುಂಚೆ, ಎತ್ತೋದು ಆಮೇಲೆ ಅಂದಿದ್ದು. ಡ್ರೋನ್ ವಶಕ್ಕೆ ತಗೊಂಡ್ರೆ ಯಾವ ಯಾವ ವಸ್ತು ತಗೊಂಡ್ರು ಅಂತ ಬರಹದಲ್ಲಿ ತಗೊಳ್ಳಿ, ಮೆಮೊರಿ ಕಾರ್ಡೂ ಸೇರಿಸಿ.

ಪೊಲೀಸರಿಗೆ ಹೇಳಿದ್ರೆ ಡಿಜಿಸಿಎಗೆ ಹೇಳಿದಂಗೆ ಆಗಲ್ಲ. ಎರಡೂ ಬೇರೆ ಬೇರೆ.

ರಿಪೋರ್ಟ್ ಬರೆಯೋದು

ಮೊದಲು ಕನ್ನಡದಲ್ಲೇ ಒಂದು ಹಾಳೇಲಿ ಬರೀರಿ, ಆಮೇಲೆ ಇಂಗ್ಲಿಷಿಗೆ ತನ್ನಿ. ತಲೇಲಿ ಗಾಬರಿ ಇರೋವಾಗ ನೇರ ಇಂಗ್ಲಿಷಲ್ಲಿ ಬರೆದ್ರೆ ಆಗಿದ್ದಕ್ಕಿಂತ ಬೇರೇನೇ ಬರೆದು ಬಿಡ್ತೀವಿ. ಕೈಯಲ್ಲಿ ರೆಡಿ ಇರ್ಬೇಕಾದ್ದು: ನಿಮ್ಮ ಹೆಸರು, ಫೋನು, ಪೈಲಟ್ ಸರ್ಟಿಫಿಕೇಟ್ ನಂಬರ್, ಯುಐಎನ್, ಮಾಡೆಲ್, ಟೇಕಾಫ್ ತೂಕ, ಟ್ಯಾಂಕಲ್ಲಿ ಔಷಧಿ ಎಷ್ಟಿತ್ತು, ತಾರೀಖು, ಟೈಮು, ಊರು ತಾಲ್ಲೂಕು ಜಿಲ್ಲೆ, ಮ್ಯಾಪಿಂದ ತೆಗೆದ ಅಕ್ಷಾಂಶ ರೇಖಾಂಶ, ಯಾವ ಜೋನ್, ಅನುಮತಿ ಬೇಕಿದ್ದ ಜಾಗ ಆದ್ರೆ ಅದರ ವಿವರ, ಗಾಳಿ ಮಳೆ ಹೆಂಗಿತ್ತು, ಗಾಯ, ಹಾನಿ.

ಆಮೇಲೆ ಏನಾಯ್ತು ಅನ್ನೋ ಭಾಗ. ಇದನ್ನ ಕಥೆ ಥರ ಅಲ್ಲ, ಗಡಿಯಾರದ ಥರ ಬರೀಬೇಕು. ನನ್ನ ಆ ಅಪಘಾತವನ್ನ ಅವತ್ತು ಬರೆದಿದ್ರೆ ಹಿಂಗೆ ಬರೀತಿದ್ದೆನೇನೋ:

"ಔಷಧಿ ಸಿಂಪಡಿಸುವಾಗ ಜಿಪಿಎಸ್ ತೊಂದರೆಯಿಂದ ಡ್ರೋನ್ ಇದ್ದಕ್ಕಿದ್ದಂತೆ ಪಕ್ಕಕ್ಕೆ ಹೋಗಿ ವೈರಿಗೆ ತಗಲಿತು. ನನ್ನ ತಪ್ಪಿಲ್ಲ."

ಇದರಲ್ಲಿ ಜಿಪಿಎಸ್ ತೊಂದರೆ ಅನ್ನೋದು ನನ್ನ ಊಹೆ, ತಪ್ಪಿಲ್ಲ ಅನ್ನೋದು ನನ್ನ ಆಸೆ. ಲಾಗ್ ತೆಗೆದು ನೋಡಿದಾಗ ಜಿಪಿಎಸ್ ಸರಿಯಾಗೇ ಇತ್ತು, ನಾನೇ ಹೊಲದ ಗಡಿ ಗುರುತು ಹಾಕೋವಾಗ ಸ್ಟೇ ವೈರ್ ಲೆಕ್ಕಕ್ಕೆ ತಗೊಂಡಿರಲಿಲ್ಲ. ಸರಿಯಾಗಿ ಬರೆದಿದ್ರೆ ಹಿಂಗಿರ್ತಿತ್ತು:

"9:31ಕ್ಕೆ ಟೇಕಾಫ್, ಟ್ಯಾಂಕಿನಲ್ಲಿ 10 ಲೀಟರ್. ಆಟೋ ಮೋಡ್, ಬೆಳೆಯಿಂದ 2.5 ಮೀಟರ್ ಎತ್ತರ. 9:40ಕ್ಕೆ ಆರನೇ ಸಾಲಿನ ಪೂರ್ವ ತುದಿಯಲ್ಲಿ ತಿರುಗುವಾಗ ಬಲ ಮುಂದಿನ ಕೈ ವಿದ್ಯುತ್ ಕಂಬದ ಸ್ಟೇ ವೈರಿಗೆ ತಗಲಿ ಮುರಿಯಿತು. ಡ್ರೋನ್ ಪಕ್ಕದ ಹೊಲದಲ್ಲಿ ಗಡಿಯಿಂದ ಸುಮಾರು 4 ಮೀಟರ್ ಒಳಗೆ ಬಿತ್ತು. ಜನರಿಗೆ, ಪ್ರಾಣಿಗಳಿಗೆ ಗಾಯ ಇಲ್ಲ. ಮೆಕ್ಕೆಜೋಳ ಎರಡು ಸಾಲು, ತಲಾ ಸುಮಾರು 3 ಮೀಟರ್ ಹಾನಿ. ಸ್ಟೇ ವೈರ್ ತುಂಡಾಗಿಲ್ಲ. ಗಡಿ ಗುರುತಿಸುವಾಗ ಸ್ಟೇ ವೈರನ್ನು ಅಡೆತಡೆ ಎಂದು ಸೇರಿಸಿರಲಿಲ್ಲ."

ಕೊನೇ ಸಾಲು ಬರೆಯೋಕೆ ಕೈ ನಡುಗತ್ತೆ, ಗೊತ್ತು. ಆದ್ರೆ ಲಾಗಲ್ಲಿ ಹೆಂಗೂ ಅದು ಕಾಣತ್ತೆ. ಕಾಣೋದನ್ನ ಬಿಟ್ಟು ಬರೆದ್ರೆ ಉಳಿದಿದ್ದನ್ನೂ ನಂಬಲ್ಲ. ಕಾರಣ ಗೊತ್ತಿಲ್ದೇ ಇದ್ರೆ "ಕಾರಣ ಪರಿಶೀಲನೆಯಲ್ಲಿದೆ, ಲಾಗ್ ಕಾಯ್ದಿರಿಸಲಾಗಿದೆ" ಅಂತ ಬರೀರಿ, ಸಾಕು. "ಸುಮಾರು" ಅನ್ನೋ ಪದ ಧಾರಾಳವಾಗಿ ಬಳಸಿ, ಅಳೆದಿರೋದನ್ನ ಮಾತ್ರ ಅಳತೆ ಅಂತ ಹೇಳಿ.

ಪೋರ್ಟಲ್ಲಿಗೆ ಹಾಕೋದು

ನಿಯಮದಲ್ಲಿರೋದು ಡಿಜಿಟಲ್ ಸ್ಕೈ. ಈಚೆಗೆ ಡ್ರೋನ್ ಸೇವೆಗಳು ಡಿಜಿಸಿಎಯ ಇಜಿಸಿಎ ಪೋರ್ಟಲ್ ಕಡೆಗೂ ಹೋಗ್ತಿರೋದ್ರಿಂದ ಎರಡರಲ್ಲೂ ನಿಮ್ಮ ಲಾಗಿನ್ ಓಡ್ತಾ ಇದೆಯಾ ಅಂತ ಸೀಸನ್ ಶುರುವಾಗೋ ಮುಂಚೆನೇ ನೋಡಿಡಿ, ಅಪಘಾತ ಆದ ರಾತ್ರಿ ಪಾಸ್‌ವರ್ಡ್ ಮರೆತು, ಒಟಿಪಿ ಹಳೇ ಸಿಮ್ಮಿಗೆ ಹೋಗಿ, ಆ ಸಿಮ್ಮು ತಮ್ಮನ ಹತ್ರ ಇದ್ದು, ಇದೆಲ್ಲ ಬೇಡ. ಹಾಕಿದ್ಮೇಲೆ ಬರೋ ನಂಬರಿನ ಸ್ಕ್ರೀನ್‌ಶಾಟ್ ತೆಗೀರಿ, ಟೈಮ್ ಕಾಣಂಗೆ. ಪೋರ್ಟಲ್ ತೆರೀಲಿಲ್ಲ ಅಂದ್ರೆ ಎರರ್ ಬಂದಿದ್ದರ ಸ್ಕ್ರೀನ್‌ಶಾಟ್ ಸಮೇತ ಡಿಜಿಸಿಎ ವೆಬ್‌ಸೈಟಲ್ಲಿರೋ ಅಧಿಕೃತ ವಿಳಾಸಕ್ಕೆ ಅದೇ ವಿವರ ಇಮೇಲ್ ಮಾಡಿ, ಪೋರ್ಟಲ್ ತೆರೆದ ಕೂಡ್ಲೇ ಅಲ್ಲೂ ಹಾಕಿ. ಇಮೇಲ್ ಮಾಡಿದ್ದಕ್ಕೇ ಕೆಲಸ ಮುಗೀತು ಅನ್ಕೋಬೇಡಿ.

ಅದೇ ದಿನ ಇನ್ಶೂರೆನ್ಸಿಗೂ ತಿಳಿಸಿ. ಸರ್ವೇಯರ್ ನೋಡೋವರೆಗೂ ಮುರಿದ ಭಾಗ ಎಸೀಬೇಡಿ, ರಿಪೇರಿಗೂ ಕಳಿಸ್ಬೇಡಿ. ಹೊಲದ ಯಜಮಾನ್ರಿಗೆ ದುಡ್ಡು ಕೊಡೋದಾದ್ರೆ ಯಾವ ಹಾನಿಗೆ ಎಷ್ಟು ಅಂತ ಒಂದು ಚೀಟಿ, ಎರಡು ಸಹಿ, ಫೋನ್‌ಪೇನಲ್ಲಿ ಕೊಡಿ, ಕ್ಯಾಶ್ ಬೇಡ.

ಹೊರದೇಶದಲ್ಲಿ ಹಾರಿಸೋರಿಗೆ

ಅಮೆರಿಕದಲ್ಲಿರೋ ನಮ್ಮ ಹುಡುಗ್ರು ವೀಕೆಂಡಲ್ಲಿ ರಿಯಲ್ ಎಸ್ಟೇಟ್ ವಿಡಿಯೋ ಅಂತ ಪಾರ್ಟ್ 107 ಅನ್ನೋ ಅಲ್ಲಿನ ಡ್ರೋನ್ ಲೈಸೆನ್ಸ್ ತಗೊಂಡು ಹಾರಿಸ್ತಾರೆ. ಅಲ್ಲಿ ಎಫ್‌ಎಎಗೆ (ಅಲ್ಲಿನ ವಿಮಾನಯಾನ ಇಲಾಖೆ) 10 ದಿನದೊಳಗೆ ತಿಳಿಸ್ಬೇಕು, ಯಾವಾಗ ಅಂದ್ರೆ ಯಾರಿಗಾದ್ರೂ ಗಂಭೀರ ಗಾಯ ಆದ್ರೆ, ಪ್ರಜ್ಞೆ ತಪ್ಪಿದ್ರೆ, ಅಥವಾ ಡ್ರೋನ್ ಬಿಟ್ಟು ಬೇರೆ ಆಸ್ತಿಗೆ 500 ಡಾಲರ್ ಮೀರಿದ ಹಾನಿ ಆದ್ರೆ. ಇದರಲ್ಲಿ ಒಂದು ಸೂಕ್ಷ್ಮ ಇದೆ: 200 ಡಾಲರ್ ಬೆಲೆಯ ವಸ್ತು ಒಡೆದು ರಿಪೇರಿಗೆ 600 ಆಗತ್ತೆ ಅಂದ್ರೆ ತಿಳಿಸ್ಬೇಕಿಲ್ಲ, ಬೆಲೆನೇ 500ಕ್ಕಿಂತ ಕಮ್ಮಿ ಅಲ್ವಾ. ರಿಪೋರ್ಟ್ ಹಾಕೋದು ಡ್ರೋನ್‌ಜೋನ್ ವೆಬ್‌ಸೈಟಲ್ಲಿ. ಸಾವು, ಗಂಭೀರ ಗಾಯ, ಆಕಾಶದಲ್ಲಿ ಇನ್ನೊಂದು ವಿಮಾನಕ್ಕೆ ಡಿಕ್ಕಿ, ಇಂಥದ್ದಾದ್ರೆ ಅಪಘಾತ ತನಿಖೆ ಮಾಡೋ ಎನ್‌ಟಿಎಸ್‌ಬಿಗೆ ತಕ್ಷಣ, ಅದಕ್ಕೆ 10 ದಿನದ ಸಲಿಗೆ ಇಲ್ಲ.

"ಯಾರಿಗೆ ಗೊತ್ತಾಗತ್ತೆ" ಅನ್ನೋರಿಗೆ ಒಂದು ಪ್ರಸಂಗ. 2017ರ ಸೆಪ್ಟೆಂಬರ್ 21ಕ್ಕೆ ನ್ಯೂಯಾರ್ಕ್ ಸ್ಟೇಟನ್ ಐಲೆಂಡ್ ಹತ್ರ ಒಂದು ಫ್ಯಾಂಟಮ್ 4, ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಬಡೀತು. ಹಾರಿಸ್ತಿದ್ದವನು ಸುಮಾರು ಎರಡೂವರೆ ಮೈಲಿ ದೂರದಲ್ಲಿದ್ದ, ಡ್ರೋನ್ ವಾಪಸ್ ಬರ್ಲಿಲ್ಲ, ಎಲ್ಲೋ ನೀರಿಗೆ ಬಿದ್ದಿರ್ಬೇಕು ಅನ್ಕೊಂಡ. ತನಿಖೆಯವರು ಹೆಲಿಕಾಪ್ಟರಲ್ಲಿ ಸಿಕ್ಕಿದ ಮೋಟರ್ ತುಂಡಿನ ಸೀರಿಯಲ್ ನಂಬರ್ ಹಿಡ್ಕೊಂಡು ಅವನನ್ನ ಸಂಪರ್ಕಿಸಿದಾಗ್ಲೇ ಅವನಿಗೆ ಡಿಕ್ಕಿ ಆಗಿದ್ದು ಗೊತ್ತಾಗಿದ್ದು.

ಅಲ್ಲಿ ನನಗೆ ಹೊಟ್ಟೆಕಿಚ್ಚು ತರಿಸೋದು ನಾಸಾ ನಡೆಸೋ ಎಎಸ್‌ಆರ್‌ಎಸ್ ವ್ಯವಸ್ಥೆ. ಅಪಘಾತ ಆಗದೇ ಕೂದಲೆಳೆಯಲ್ಲಿ ತಪ್ಪಿದ್ದು, ಅರಿಯದೇ ನಿಯಮ ಮೀರಿದ್ದು, ಇಂಥದ್ದನ್ನ 10 ದಿನದೊಳಗೆ ಬರೆದು ಹಾಕಿದ್ರೆ ನಿಮ್ಮ ಹೆಸರು ತೆಗೆದು ಮಾಹಿತಿ ಮಾತ್ರ ಇಟ್ಕೊಳ್ತಾರೆ. ಮುಂದೆ ಎಫ್‌ಎಎ ಅದೇ ವಿಷಯಕ್ಕೆ ಬಂದ್ರೆ, ಬೇಕಂತ ಮಾಡಿಲ್ಲ, ಕ್ರಿಮಿನಲ್ ಅಲ್ಲ, ಹಿಂದಿನ 5 ವರ್ಷದಲ್ಲಿ ಬೇರೆ ತಪ್ಪು ಸಾಬೀತಾಗಿಲ್ಲ ಅಂದ್ರೆ ದಂಡ, ಸಸ್ಪೆನ್ಷನ್ ಹಾಕಲ್ಲ. ಫಾರ್ಮಿನ ತುಂಡೊಂದರಲ್ಲಿ ನಿಮ್ಮ ಹೆಸರಿರೋ ಭಾಗಾನ ಸೀಲ್ ಹಾಕಿ ವಾಪಸ್ ಕಳಿಸ್ತಾರೆ, ಅದೇ ನಿಮ್ಮ ಪುರಾವೆ, ಕಳ್ಕೋಬೇಡಿ. ಹವ್ಯಾಸಕ್ಕೆ ಹಾರಿಸೋರೂ ಹಾಕಬಹುದು. ಆದ್ರೆ ನಿಜವಾದ ಅಪಘಾತಕ್ಕೆ ಈ ರಕ್ಷಣೆ ಇಲ್ಲ, ಅದಕ್ಕೆ ಮೇಲಿನ ದಾರಿನೇ.

ಬ್ರಿಟನ್, ಯುರೋಪಲ್ಲಿ ಕಡ್ಡಾಯ ವರದಿಗೆ 72 ಗಂಟೆ. ಸಣ್ಣ ಡ್ರೋನಾದ್ರೂ ಸಾವು, ಗಂಭೀರ ಗಾಯ ಅಥವಾ ಮನುಷ್ಯರಿರೋ ವಿಮಾನ ಸೇರಿದ್ರೆ ಕಡ್ಡಾಯನೇ.

ಬ್ಯಾಗಲ್ಲಿ ಇರ್ಲಿ

ಎರಡನೇ ಸಲ ನನ್ನ ಡ್ರೋನ್ ಬಿದ್ದಾಗ, ಹರಿಹರದ ಹತ್ರ, ಮೋಟರ್ ಒಂದು ನಿಂತು ಭತ್ತದ ಗದ್ದೆಗೆ ಬಿತ್ತು, ನನ್ನ ಬ್ಯಾಟರಿ ಬ್ಯಾಗಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡಿತ್ತು. ಒಂದು ಕಡೆ ಯುಐಎನ್, ಸರ್ಟಿಫಿಕೇಟ್ ನಂಬರ್, ಪಾಲಿಸಿ ನಂಬರ್, 112, 1912, ಹತ್ತಿರದ ಏರ್‌ಪೋರ್ಟ್ ಫೋನು. ಇನ್ನೊಂದು ಕಡೆ ದೊಡ್ಡಕ್ಷರದಲ್ಲಿ ಐದು ಸಾಲು: ಜನ, ಕರೆಂಟು, ಬ್ಯಾಟರಿ, ಫೋಟೋ, ಆಮೇಲೆ ಎತ್ತು. ಮೂರು ಗಂಟೇಲಿ ರಿಪೋರ್ಟ್ ಹಾಕಿ ಮುಗಿಸಿದೆ. ಆ ಗದ್ದೆ ಯಜಮಾನ್ರು ಕಾರ್ಡ್ ಓದಿ, "ಇದರಲ್ಲಿ ನನ್ ಹೆಸರೂ ಬರ್ಕೊಳ್ಳಪ್ಪಾ, ಹೊಲದವ್ರಿಗೆ ಫೋನ್ ಮಾಡು ಅಂತ" ಅಂದ್ರು. ಈಗ ಆರನೇ ಸಾಲು ಅದೇ.